ನಡುಗಡ್ಡೆಯಲ್ಲೊಂದು ಊಟ, ಪ್ಲಸ್ ಪ್ಲಸ್

ಎಳ್ಳ ಅಮಾವಾಸ್ಯೆಗೆ ನಮ್ಮ ಅಳಿಯ ಬೆಂಗಳೂರಿನಿಂದ ಕಲಬುರಗಿಗೆ ಬಂದಿದ್ದ. ಅಳಿಯ ಅಂದರೆ ಅಕ್ಕನ ಮಗ. ಸಾಫ್ಟ್‌ವೇರ್, ಹೊಸ ಮದುವೆ. ಹೆಂಡತಿ ಜೊತೆ ಮಾಲ್ಡೀವ್ಸ್‌ನಿಂದ ವಾಪಸ್ ಬಂದು ತಿಂಗಳಾಗಿತ್ತು, ಆದರೆ ಹುಡುಗ ಇನ್ನೂ ಪೂರ್ತಿ ಬಂದಿರಲಿಲ್ಲ.

ಹೊಲದಲ್ಲಿ ಚರಗ ಚೆಲ್ಲಿ, ಅಂದರೆ ಭೂಮಿತಾಯಿಗೆ ನೈವೇದ್ಯ ಎರಚಿ, ಬೇವಿನ ಗಿಡದ ಕೆಳಗೆ ಜಮಖಾನ ಹಾಸಿ ಕೂತೆವು. ಅವ್ವ ಬುಟ್ಟಿ ಬಿಚ್ಚಿದಳು. ಮೇಲೆ ಬಿಳಿ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಕೆಳಗೆ ಶೇಂಗಾ ಹೋಳಿಗೆ, ಪಾತ್ರೆ ತುಂಬ ಭಜ್ಜಿ ಪಲ್ಯ. ಹಸಿ ತೊಗರಿ, ಹಸಿ ಕಡಲೆ, ಮೆಂತ್ಯ, ಬದನೆಕಾಯಿ, ಹೊಲದಲ್ಲಿ ಏನೇನು ಸಿಕ್ಕಿತೋ ಎಲ್ಲವೂ ಅದರಲ್ಲಿತ್ತು. ಅಳಿಯ ಒಂದು ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿದ. "ಮಾಮಾ, ಇದಕ್ಕ ಅಲ್ಲಿ ಫಾರ್ಮ್ ಟು ಟೇಬಲ್ ಅಂತಾರ."

ನಮ್ಮಲ್ಲಿ ಟೇಬಲ್ ಇರಲಿಲ್ಲ. ಹಾಗಾಗಿ ಬಿಲ್ಲೂ ಬರಲಿಲ್ಲ.

ಆಮೇಲೆ ಶುರುವಾಯಿತು ನೋಡಿ ಅವನ ಪುರಾಣ. ಮಾಲ್ಡೀವ್ಸ್‌ನಲ್ಲಿ ಮೊದಲ ರೆಸಾರ್ಟ್ ತೆರೆದಿದ್ದು 1972ರಲ್ಲಿ. ಅಲ್ಲಿಂದ ಹೆಚ್ಚುಕಡಿಮೆ ಒಂದೇ ಲೆಕ್ಕ: ಒಂದು ದ್ವೀಪಕ್ಕೆ ಒಂದು ರೆಸಾರ್ಟ್. ಊರಿಲ್ಲ, ಸಂತೆಯಿಲ್ಲ, ಪಕ್ಕದ ಮನೆಯಿಲ್ಲ. ದೂರದ ದ್ವೀಪಕ್ಕೆ ಸೀಪ್ಲೇನ್‌ನಲ್ಲಿ ಹೋಗಬೇಕು, ಅದೂ ಹಗಲಲ್ಲಿ ಮಾತ್ರ. ಕತ್ತಲಾದರೆ ಅದು ಹಾರೋದಿಲ್ಲ. ಇಳಿದ ತಕ್ಷಣ ಚಪ್ಪಲಿ ತೆಗೆಸಿ ಚೀಲಕ್ಕೆ ಹಾಕಿದರಂತೆ. ಬರಿಗಾಲಲ್ಲಿ ಮರಳಿನ ಮೇಲೆ ಓಡಾಡಬೇಕು. ಇದರ ಹೆಸರು ಬೇರ್‌ಫುಟ್ ಲಕ್ಷುರಿ. ನಮ್ಮ ಹೊಲದ ಆಳು ಸಿದ್ದಪ್ಪ ಅಲ್ಲೇ ಬರಿಗಾಲಲ್ಲಿ ನಿಂತು ಕೇಳುತ್ತಿದ್ದ. ತನ್ನ ಕಾಲನ್ನು ಒಮ್ಮೆ ನೋಡಿಕೊಂಡ.

ರಾತ್ರಿ ಊಟಕ್ಕೆ ಮೊದಲು ರೊಟ್ಟಿ ಬಂತಂತೆ. ರೊಟ್ಟಿ ಅನ್ನಬಾರದು, 'ಏನ್ಶಿಯಂಟ್ ಗ್ರೇನ್ ಕ್ರಿಸ್ಪ್'. ಕಪ್ಪು ಕಲ್ಲಿನ ಮೇಲೆ ತ್ರಿಕೋನದ ಎರಡು ಚೂರು. ವೇಟರ್ ಪಕ್ಕದಲ್ಲಿ ನಿಂತು ಈ ಧಾನ್ಯ ಎಷ್ಟು ಹಳೇದು, ಎಷ್ಟು ಕಡಿಮೆ ನೀರಿನಲ್ಲಿ ಬೆಳೆಯುತ್ತದೆ ಅಂತ ಎರಡು ನಿಮಿಷ ಹೇಳಿದ. ತಿನ್ನೋದಕ್ಕೆ ಅಷ್ಟು ಹೊತ್ತು ಹಿಡಿಯಲಿಲ್ಲ.

"ಹ್ಯಾಂಗಿತ್ತು?" ಅಂತ ಅವ್ವ ಕೇಳಿದಳು.

"ನಿನ್ನ ಖಡಕ್ ರೊಟ್ಟಿ ಇದ್ದಂಗ ಇತ್ತು, ಆಯಿ. ಸ್ವಲ್ಪ ಮೆತ್ತಗಾಗಿತ್ತು."

ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷ ಅಂತ ಸಾರಿತಲ್ಲ, ಆಗಿನಿಂದ ನಮ್ಮ ಜೋಳ, ಸಜ್ಜೆ ಇಂಗ್ಲಿಷ್ ಮಾತಾಡೋಕೆ ಕಲಿತಿವೆ. ಇಲ್ಲಿ ಬಂದಾಗ ಮಾತ್ರ ಗುರುತು ಹಿಡಿಯುತ್ತವೆ.

ನನ್ನನ್ನು ನಿಜವಾಗಿ ಬೆಚ್ಚಿ ಬೀಳಿಸಿದ್ದು ನೀರು. ಅಲ್ಲಿ ನೀರಿಗೇ ಬೇರೆ ಮೆನು ಕೊಟ್ಟರಂತೆ. ನಾರ್ವೆ ನೀರು, ಇಟಲಿ ನೀರು, ಫಿಜಿ ನೀರು. ಸುತ್ತ ಕಣ್ಣು ಹಾಯಿಸಿದಷ್ಟು ಸಮುದ್ರ, ಕುಡಿಯೋ ನೀರು ಇನ್ನೊಂದು ಖಂಡದಿಂದ. ಯಾವ ನೀರು ಯಾವ ಪದಾರ್ಥಕ್ಕೆ ಒಗ್ಗುತ್ತದೆ ಅಂತ ಹೇಳೋಕೆ ಒಬ್ಬ ಪಂಡಿತ ಬೇರೆ.

ನಮ್ಮ ಓಣಿಯಲ್ಲೂ ನೀರಿನ ಮೆನು ಇದೆ. ನಳದ ನೀರು, ಬೋರ್ ನೀರು, ಟ್ಯಾಂಕರ್ ನೀರು, ಕ್ಯಾನ್ ನೀರು. ನಳದ ನೀರು ಪ್ರತಿದಿನ ಸಿಗೋದಿಲ್ಲ, ಅದು ಶೆಫ್ಸ್ ಸ್ಪೆಷಲ್. ಪಂಡಿತರೂ ಇದ್ದಾರೆ, ನಮ್ಮ ಅವ್ವ. ಅವಳು ನೀರನ್ನು ಮೂಸಿ ನೋಡೋದಿಲ್ಲ, ಗ್ಲಾಸಲ್ಲಿ ತಿರುಗಿಸೋದಿಲ್ಲ. ಕುಕ್ಕರಿಗೆ ಒಂದು ಹಿಡಿ ತೊಗರಿ ಬೇಳೆ ಹಾಕುತ್ತಾಳೆ. ಬೆಂದರೆ ಸಿಹಿ ನೀರು. ನಾಲ್ಕು ಸೀಟಿ ಹೊಡೆದರೂ ಕಾಳು ಕಾಳಾಗಿ ಉಳಿದರೆ ಸವುಳು. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಜಿಐ ಟ್ಯಾಗ್, ಅಂದರೆ ಇದು ಈ ಊರಿನದೇ ಅನ್ನೋ ಸರ್ಕಾರಿ ಗುರುತು ಸಿಕ್ಕಿತು, ಸಂತೋಷ. ಆದರೆ ಬೇಳೆ ಬೇಯೋವಾಗ ಟ್ಯಾಗ್ ನೋಡೋದಿಲ್ಲ.

ಬಿಲ್ಲಿನ ವಿಷಯಕ್ಕೆ ಬಂದಾಗ ಅಳಿಯನ ದನಿ ಸಣ್ಣದಾಯಿತು. ಮೆನುವಿನಲ್ಲಿ ಬೆಲೆಯ ಪಕ್ಕ ಎರಡು ಕೂಡಿಸೋ ಚಿಹ್ನೆ ಇದ್ದವಂತೆ. ಅಲಂಕಾರ ಅಂದುಕೊಂಡಿದ್ದ. ಮೊದಲನೆಯದು ಸರ್ವಿಸ್ ಚಾರ್ಜ್, 10 ಪರ್ಸೆಂಟ್. ಎರಡನೆಯದು ಅಲ್ಲಿನ ಜಿಎಸ್‌ಟಿ, 2025ರ ಜುಲೈನಿಂದ 17 ಪರ್ಸೆಂಟ್, ಅದೂ ಸರ್ವಿಸ್ ಚಾರ್ಜ್ ಸೇರಿಸಿದ ಮೇಲೆ. 100 ಡಾಲರ್ ಅಂತ ಬರೆದಿದ್ದು ಕೈಗೆ ಬರುವಾಗ 128 ಡಾಲರ್ 70 ಸೆಂಟ್. ನಮ್ಮ ಖಾನಾವಳಿಯಲ್ಲೂ ಪ್ಲಸ್ ಇದೆ. ತಾಟು ಖಾಲಿಯಾಗೋ ಮೊದಲೇ "ಇನ್ನೊಂದ್ ರೊಟ್ಟಿ ಹಾಕಲೇನ್ರಿ?" ಅಂತ ಬರುತ್ತದೆ.

ಇನ್ನೂ ಹೋಗಬೇಕಂದರೆ ಸಮುದ್ರದ ಒಳಗೇ ಹೋಗಬಹುದಂತೆ. ಇಥಾ ಅಂತ ಒಂದು ರೆಸ್ಟೋರೆಂಟು 2005ರಿಂದ ಇದೆ. ನೀರಿನಿಂದ 5 ಮೀಟರ್ ಕೆಳಗೆ, ಅಕ್ರಿಲಿಕ್ ಸುರಂಗದಲ್ಲಿ 14 ಜನ ಕೂತು ತಿನ್ನುತ್ತಾರೆ. ಮೇಲೆ ಮೀನು, ತಾಟಿನಲ್ಲೂ ಮೀನು. ಮೇಲಿನ ಮೀನಿಗೆ ಏನನ್ನಿಸುತ್ತದೋ.

ಇಷ್ಟು ಕೇಳುವಷ್ಟರಲ್ಲಿ ನನ್ನ ತಲೆಯಲ್ಲಿ ಬಿಸಿನೆಸ್ ಓಡತೊಡಗಿತು. ನಡುಗಡ್ಡೆ ನಮ್ಮ ಕಡೆ ಇಲ್ವಾ? ಪಕ್ಕದ ಯಾದಗಿರಿ ಜಿಲ್ಲೆಯಲ್ಲಿ ಕೃಷ್ಣೆಯ ನಟ್ಟನಡುವೆ ನೀಲಕಂಠರಾಯನಗಡ್ಡಿ ಇದೆ. ನಾರಾಯಣಪುರ ಡ್ಯಾಮಿನ ಗೇಟು ಎತ್ತಿದರೆ ಸಾಕಿತ್ತು, ಏಕಾಂತ ತಾನಾಗಿ ಬರುತ್ತಿತ್ತು. ಸೀಪ್ಲೇನ್ ಯಾಕೆ ಬೇಕು? 2013ರಲ್ಲಿ ಹೊಳೆ ತುಂಬಿ ಹರಿಯುವಾಗ ತುಂಬು ಗರ್ಭಿಣಿಯೊಬ್ಬರು ಒಣಗಿದ ಸೋರೆಬುರುಡೆ ಕಟ್ಟಿಕೊಂಡು, ಮನೆಯವರ ಜೊತೆ ಈಜಿ ದಡ ಸೇರಿದರು. ಹೆರಿಗೆಗೆ ಆಸ್ಪತ್ರೆ ಬೇಕಿತ್ತು, ಆಸ್ಪತ್ರೆ ಆಚೆ ದಡದಲ್ಲಿತ್ತು. ಆಗ ಟಿವಿಯವರು ಬಂದರು.

ಆ ಊರಿನವರು ವರ್ಷಗಟ್ಟಲೆ ಸೇತುವೆ ಕೊಡಿ, ಸೇತುವೆ ಕೊಡಿ ಅಂತ ಕೇಳಿದರು. ತಪ್ಪು ಮಾಡಿದರು. ಪ್ರೈವೇಟ್ ಐಲ್ಯಾಂಡಿಗೆ ಯಾರಾದರೂ ಸೇತುವೆ ಕಟ್ಟುತ್ತಾರಾ? ರೇಟ್ ಬಿದ್ದುಹೋಗುತ್ತದೆ. ಅವರು ಕೇಳಬೇಕಿದ್ದಿದ್ದು ಒಂದು ಬೋರ್ಡು: ನೋ ನೆಟ್‌ವರ್ಕ್, ನೋ ಚಪ್ಪಲಿ, ಪ್ಲಸ್ ಪ್ಲಸ್.

ಹೆಸರು ಬದಲಾಯಿಸೋ ವಿದ್ಯೆ ನಮ್ಮ ಸರ್ಕಾರಕ್ಕೂ ಗೊತ್ತು. 2020ರ ಅಕ್ಟೋಬರ್‌ನಲ್ಲಿ ಭೀಮೆ ಉಕ್ಕಿ ಈ ಕಡೆ ಎಷ್ಟೋ ಹಳ್ಳಿಗಳು ನಡುಗಡ್ಡೆಯಾದವು. ಮುಂಚೆ ಅಂಥವರನ್ನು ಕರೆತಂದು ಕೂರಿಸೋ ಜಾಗಕ್ಕೆ ಗಂಜಿ ಕೇಂದ್ರ ಅನ್ನುತ್ತಿದ್ದರು. ಈಗ ಕಾಳಜಿ ಕೇಂದ್ರ. ಅದೇ ಶಾಲೆ, ಅದೇ ಅನ್ನ, ಅದೇ ಸಾರು. ಮಾಲ್ಡೀವ್ಸ್‌ನ ಶೆಫ್ ಕೂಡ ಇಷ್ಟೇ ಅಲ್ವಾ ಮಾಡಿದ್ದು?

ನನ್ನ ಯೋಜನೆ ಹೇಳಿದೆ. ಅಳಿಯನಿಗೆ ಹಿಡಿಸಲಿಲ್ಲ. "ಮಾಮಾ, ಅಲ್ಲಿ ನೀರ್ ಸ್ವಚ್ಛ ಇರ್ತದ. ಸಮುದ್ರದ ನೀರೇ ಮಷೀನಿಗೆ ಹಾಕಿ ಉಪ್ಪೆಲ್ಲ ತಗದು ಕೊಡ್ತಾರ. ಅದು ಪುಕ್ಕಟೆ. ನಾವು ಅದನ್ನೇ ಕುಡದ್ವಿ."

ಅವ್ವ ಹೋಳಿಗೆ ಬಡಿಸುತ್ತಿದ್ದವಳು ನಿಂತಳು.

"ಉಪ್ಪೆಲ್ಲ ತಗೀತಾರ?"

"ಹೂಂ ಆಯಿ."

"ಹಂಗಾದ್ರ ಬ್ಯಾಳಿ ಬೇಯತದ?"

ಅಳಿಯ ಸ್ವಲ್ಪ ಯೋಚಿಸಿ, ಬೇಯಬಹುದು ಅಂದ.

"ಮುಂದಿನ ಸಲ ಹೋದಾಗ ಎರಡು ಕ್ಯಾನ್ ತುಂಬಕೊಂಡು ಬಾ," ಅಂದು ಅವ್ವ ಅವನ ತಾಟಿಗೆ ಇನ್ನೊಂದು ಹೋಳಿಗೆ ಹಾಕಿದಳು.