ಡೋಪಮಿನ್ ಕಡಿಮೆ ಅಂದ್ರೆ, ಎಲ್ಲಿ ಕಡಿಮೆ?

‘ನಿಮ್ಮ ಮಿದುಳಿನಲ್ಲಿ ಕೆಮಿಕಲ್ ಇಂಬ್ಯಾಲೆನ್ಸ್ ಆಗಿದೆ, ಮಾತ್ರೆ ತಗೊಂಡ್ರೆ ಸರಿಹೋಗುತ್ತೆ’ ಎಂದು ರೋಗಿಗಳಿಗೆ ಹೇಳುವುದನ್ನು ಇನ್ನಾದರೂ ನಿಲ್ಲಿಸಬೇಕು. ಧೈರ್ಯ ತುಂಬಲೆಂದು ಹೇಳುವ ಮಾತೇ ಇರಬಹುದು. ಆದರೆ ಅದನ್ನು ಕೇಳಿದವರು ರಕ್ತದಲ್ಲಿ ಕಬ್ಬಿಣದ ಅಂಶ ಕಡಿಮೆಯಾದ ಹಾಗೆ ಇದೂ ಒಂದು ಕೊರತೆ ಅಂದುಕೊಳ್ಳುತ್ತಾರೆ. ಮಿದುಳಿನ ಕೋಶಗಳ ನಡುವೆ ಸಂದೇಶ ಒಯ್ಯುವ ಸೆರೊಟೋನಿನ್, ಡೋಪಮಿನ್‌ನಂಥ ರಾಸಾಯನಿಕಗಳ ಹೆಸರು ಕೇಳಿ, ಸೆರೊಟೋನಿನ್ ಟೆಸ್ಟ್ ಎಲ್ಲಿ ಮಾಡಿಸಬೇಕು ಎಂದು ಹುಡುಕಲು ಶುರುಮಾಡುತ್ತಾರೆ. ದೇಹದ ಸೆರೊಟೋನಿನ್‌ನಲ್ಲಿ ಸುಮಾರು ಶೇ. 90ರಷ್ಟು ತಯಾರಾಗುವುದು ಕರುಳಿನಲ್ಲಿ. ಅದು ರಕ್ತದಿಂದ ಮಿದುಳಿನೊಳಗೆ ದಾಟುವುದೂ ಇಲ್ಲ. ಹಾಗಾಗಿ ರಕ್ತದಲ್ಲೋ ಮೂತ್ರದಲ್ಲೋ ಅಳೆದ ಸಂಖ್ಯೆ ಖಿನ್ನತೆಯ ಬಗ್ಗೆ ಏನನ್ನೂ ಹೇಳುವುದಿಲ್ಲ. ಅಂಥ ಟೆಸ್ಟ್ ಪ್ಯಾಕೇಜಿಗೆ ದುಡ್ಡು ಕೊಡಬೇಡಿ.

ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ: ಯಾವ ಸರ್ಕ್ಯೂಟ್, ಅಂದರೆ ಮಿದುಳಿನ ಕೋಶಗಳ ಯಾವ ಜಾಲ, ಯಾವ ದಿಕ್ಕಿಗೆ ವಾಲಿದೆ?

ಇದನ್ನು ಅತ್ಯಂತ ಸ್ಪಷ್ಟವಾಗಿ ತೋರಿಸುವುದು ಪಾರ್ಕಿನ್ಸನ್ ಕಾಯಿಲೆ. ಮಿದುಳಿನ ಆಳದಲ್ಲಿ ಸ್ಟ್ರಯೇಟಮ್ ಎಂಬ ಭಾಗವಿದೆ. ಅಲ್ಲಿಂದ ಎರಡು ದಾರಿ ಹೊರಡುತ್ತವೆ. ನೇರ ದಾರಿ ಚಲನೆಗೆ ಅನುವು ಮಾಡಿಕೊಡುತ್ತದೆ, ಸುತ್ತು ದಾರಿ ಚಲನೆಯನ್ನು ತಡೆಯುತ್ತದೆ. ನೇರ ದಾರಿಯ ಕೋಶಗಳಲ್ಲಿ ಡಿ1 ಗ್ರಾಹಕಗಳು (ಡೋಪಮಿನ್ ಬಂದು ಕೂರುವ ಜಾಗಗಳು), ಸುತ್ತು ದಾರಿಯವುಗಳಲ್ಲಿ ಡಿ2 ಗ್ರಾಹಕಗಳು. ಒಂದೇ ಡೋಪಮಿನ್ ಮೊದಲನೆಯದನ್ನು ಹುರಿದುಂಬಿಸುತ್ತದೆ, ಎರಡನೆಯದನ್ನು ಅಡಗಿಸುತ್ತದೆ. ಡೋಪಮಿನ್ ಹೋಯಿತೆಂದರೆ ಎರಡೂ ಕಡೆಯಿಂದ ಒಂದೇ ಪರಿಣಾಮ: ಅನುವು ಕುಗ್ಗುತ್ತದೆ, ತಡೆ ಹೆಚ್ಚುತ್ತದೆ. ಸಬ್‌ಥಲಾಮಿಕ್ ನ್ಯೂಕ್ಲಿಯಸ್ ಎಂಬ ಪುಟ್ಟ ಗಂಟು ಮಿತಿಮೀರಿ ಕೆಲಸ ಮಾಡತೊಡಗುತ್ತದೆ, ಚಲನೆಯ ಸಂದೇಶವನ್ನು ಮಿದುಳಿನ ಹೊರಪದರಕ್ಕೆ ದಾಟಿಸುವ ಥಲಾಮಸ್ ಅದುಮಿಟ್ಟ ಹಾಗಾಗುತ್ತದೆ, ಕೈಕಾಲು ನಿಧಾನವಾಗುತ್ತವೆ. ಲಕ್ಷಣ ಕಣ್ಣಿಗೆ ಕಾಣುವ ಹೊತ್ತಿಗೆ ಸ್ಟ್ರಯೇಟಮ್‌ನ ಡೋಪಮಿನ್ ಶೇ. 60ರಿಂದ 80ರಷ್ಟು ಕುಸಿದಿರುತ್ತದೆ.

ಇದು ಬರೀ ಚಿತ್ರ ಬರೆದು ಹೇಳಿದ ಸಿದ್ಧಾಂತವಲ್ಲ. 1990ರಲ್ಲಿ ನರವಿಜ್ಞಾನಿ ಮಾಲನ್ ಡಿಲಾಂಗ್ ಮತ್ತು ಸಂಗಡಿಗರು ಪಾರ್ಕಿನ್ಸನ್ ಲಕ್ಷಣ ಬರಿಸಿದ ಕೋತಿಗಳಲ್ಲಿ ಆ ಗಂಟನ್ನು ಹಾಳುಗೆಡವಿದರು. ಡೋಪಮಿನ್ ಒಂದು ಹನಿಯೂ ಹೆಚ್ಚಲಿಲ್ಲ, ಆದರೂ ಕೋತಿಗಳು ಮತ್ತೆ ಓಡಾಡಿದವು. ನನ್ನ ಮಟ್ಟಿಗೆ ಈ ಇಡೀ ವಿಷಯದಲ್ಲಿ ಅತಿ ಮುಖ್ಯ ಪ್ರಯೋಗ ಇದೇ. ಕೊರತೆ ಕೊರತೆಯಾಗಿಯೇ ಉಳಿದಿತ್ತು, ಸರ್ಕ್ಯೂಟಿನ ವಾಲಿಕೆ ಮಾತ್ರ ಬದಲಾಯಿತು, ಅಷ್ಟು ಸಾಕಾಯಿತು. ಇಂದು ಅದೇ ಗಂಟಿಗೆ ತಂತಿ ಇಳಿಸಿ ಡೀಪ್ ಬ್ರೈನ್ ಸ್ಟಿಮ್ಯುಲೇಶನ್, ಅಂದರೆ ವಿದ್ಯುತ್ ಮಿಡಿತ, ಕೊಡುತ್ತಾರೆ. ಸಾಮಾನ್ಯವಾಗಿ ಸೆಕೆಂಡಿಗೆ ಸುಮಾರು 130 ಮಿಡಿತ, ಪ್ರತಿ ಮಿಡಿತ 60 ಮೈಕ್ರೊಸೆಕೆಂಡ್. ತಂತಿ ಒಂದೆರಡು ಮಿಲಿಮೀಟರ್ ಹೊರಕ್ಕೆ ಸರಿದರೂ ಪಕ್ಕದ ನರತಂತುಗಳಿಗೆ ವಿದ್ಯುತ್ ಹರಿದು ಮಾತು ತೊದಲುತ್ತದೆ, ಮುಖದ ಸ್ನಾಯು ಎಳೆದುಕೊಳ್ಳುತ್ತದೆ. ಇದಕ್ಕೆ ತದ್ವಿರುದ್ಧವಾದ ಚಿತ್ರವೂ ಉಂಟು: ಆರೋಗ್ಯವಂತರಲ್ಲಿ ಸಣ್ಣದೊಂದು ಪಾರ್ಶ್ವವಾಯು ಇದೇ ಗಂಟಿಗೆ ಬಡಿದರೆ ಎದುರು ಬದಿಯ ಕೈಕಾಲು ತಾವಾಗಿ ಬೀಸಾಡತೊಡಗುತ್ತವೆ. ಅಲ್ಲಿ ತಡೆಯೇ ಇಲ್ಲ.

ಈಗ ಔಷಧಿಯ ವಿಷಯಕ್ಕೆ ಬರೋಣ, ಎಡವಟ್ಟಾಗುವುದು ಇಲ್ಲೇ.

ನುಂಗಿದ ಮಾತ್ರೆಗೆ ವಿಳಾಸ ಗೊತ್ತಿರುವುದಿಲ್ಲ. ಪಾರ್ಕಿನ್ಸನ್‌ನಲ್ಲಿ ಚಲನೆಯ ದಾರಿ ಬತ್ತಿದ್ದರೂ, ಆಸೆ ಮತ್ತು ಲಾಭದ ಲೆಕ್ಕ ನೋಡುವ ಕೆಳಭಾಗದ ಸ್ಟ್ರಯೇಟಮ್ ಮೊದಮೊದಲು ಸಾಕಷ್ಟು ಚೆನ್ನಾಗಿಯೇ ಇರುತ್ತದೆ. ಡೋಪಮಿನ್‌ನಂತೆ ಕೆಲಸ ಮಾಡುವ ಪ್ರಮಿಪೆಕ್ಸೋಲ್ ಮಾತ್ರೆಯನ್ನು ಕೈಕಾಲಿಗೆ ಸಾಲುವಷ್ಟು ಕೊಟ್ಟರೆ ಅಲ್ಲಿಗೆ ಅದು ಅತಿಯಾಗುತ್ತದೆ. ಜೂಜು, ಲಂಗುಲಗಾಮಿಲ್ಲದ ಖರೀದಿ, ವಿಪರೀತ ಕಾಮಾಸಕ್ತಿ ಶುರುವಾಗುತ್ತವೆ. 3,000ಕ್ಕೂ ಹೆಚ್ಚು ರೋಗಿಗಳನ್ನು ನೋಡಿದ, 2010ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಈ ಗುಂಪಿನ ಔಷಧಿ ತೆಗೆದುಕೊಳ್ಳುತ್ತಿದ್ದವರಲ್ಲಿ ಸುಮಾರು ಶೇ. 17 ಮಂದಿಗೆ ಇಂಥ ತೊಂದರೆ ಇತ್ತು. ನಾಚಿಕೆಯಿಂದ ಅವರು ತಾವಾಗಿ ಬಾಯಿಬಿಡುವುದಿಲ್ಲ, ಮನೆಯವರನ್ನೂ ಕೂರಿಸಿಕೊಂಡು ಕೇಳಬೇಕು. ಗೊತ್ತಾದ ದಿನವೇ ಮಾತ್ರೆಯನ್ನು ಪೂರ್ತಿ ನಿಲ್ಲಿಸುವುದೂ ತಪ್ಪು. ತೀವ್ರ ಆತಂಕ, ಖಿನ್ನತೆ, ಬೆವರು ಕಾಣಿಸಿಕೊಳ್ಳುತ್ತವೆ. ಹಂತಹಂತವಾಗಿಯೇ ಇಳಿಸಬೇಕು.

ಇಲ್ಲದ ಧ್ವನಿ ಕೇಳಿಸುವ, ಭ್ರಮೆ ಕಾಡುವ ಸ್ಕಿಜೋಫ್ರೇನಿಯಾದಲ್ಲಿ ಇದೇ ಸಮಸ್ಯೆ ತಲೆಕೆಳಗಾಗಿ ನಿಲ್ಲುತ್ತದೆ. ಸ್ಟ್ರಯೇಟಮ್‌ನಲ್ಲಿ ಡೋಪಮಿನ್ ಹೆಚ್ಚು, ಹಣೆಯ ಹಿಂದಿನ ಪ್ರೀಫ್ರಂಟಲ್ ಕಾರ್ಟೆಕ್ಸ್‌ನಲ್ಲಿ ಕಡಿಮೆ, ಒಂದೇ ತಲೆಯಲ್ಲಿ! ಮಾತ್ರೆಯಿಂದ ಡಿ2 ಗ್ರಾಹಕಗಳಲ್ಲಿ ಸುಮಾರು ಶೇ. 65ರಷ್ಟನ್ನು ಮುಚ್ಚಿದಾಗ ಭ್ರಮೆಗಳು ತಗ್ಗುತ್ತವೆ. ಶೇ. 72 ದಾಟಿದರೆ ಎದೆಹಾಲಿನ ಹಾರ್ಮೋನ್ ಪ್ರೊಲ್ಯಾಕ್ಟಿನ್ ಏರುತ್ತದೆ. ಶೇ. 78 ದಾಟಿದರೆ ಬಿಗಿತ, ನಡುಕ, ಚಡಪಡಿಕೆ. ಈ ನಡುವಿನ ಕಿಂಡಿ ಎಷ್ಟು ಕಿರಿದು ನೋಡಿ. ಡಿ2 ಮುಚ್ಚುವ ಹಾಲೊಪೆರಿಡಾಲ್ ದಿನಕ್ಕೆ ಬರೀ 2 ಮಿ.ಗ್ರಾಂ ಕೊಟ್ಟರೂ ಹಲವರು ಈ ಕಿಂಡಿಯೊಳಗೆ ಬಂದುಬಿಡುತ್ತಾರೆ. ‘ಇನ್ನೂ ಧ್ವನಿ ಕೇಳಿಸುತ್ತಿದೆ’ ಎಂದಾಗಲೆಲ್ಲ ಡೋಸ್ ಏರಿಸುತ್ತ ಹೋದರೆ ಏರುವುದು ಬಿಗಿತ ಮಾತ್ರ. ಮಂಕು, ನಿರುತ್ಸಾಹ, ಮಾತು ಕಡಿಮೆಯಾಗುವುದು, ಇವು ಈ ಮಾತ್ರೆಗಳಿಂದ ಹೆಚ್ಚೇನೂ ಸುಧಾರಿಸುವುದಿಲ್ಲ. ಅದನ್ನು ಸೋಮಾರಿತನ ಎಂದು ಬೈಯುವ ಮನೆಗಳಿವೆ. ದಯವಿಟ್ಟು ಬೈಯಬೇಡಿ, ಅದೂ ಕಾಯಿಲೆಯೇ.

ಡಿ2 ಮುಚ್ಚುವುದು ಮಾನಸಿಕ ರೋಗದ ಮಾತ್ರೆಗಳು ಮಾತ್ರವಲ್ಲ. ವಾಂತಿಗೆ ಕೊಡುವ ಮೆಟೊಕ್ಲೊಪ್ರಮೈಡ್, ತಲೆಸುತ್ತಿಗೆ ಕೊಡುವ ಪ್ರೊಕ್ಲೋರ್‌ಪೆರಜಿನ್, ಸಿನ್ನರಿಜಿನ್, ಮೈಗ್ರೇನ್‌ಗೆ ಕೊಡುವ ಫ್ಲುನರಿಜಿನ್ ಕೂಡ ಆ ಕೆಲಸ ಮಾಡುತ್ತವೆ. ವಯಸ್ಸಾದವರಿಗೆ ತಿಂಗಳುಗಟ್ಟಲೆ ಕೊಟ್ಟರೆ ಥೇಟ್ ಪಾರ್ಕಿನ್ಸನ್ ಥರದ್ದೇ ಲಕ್ಷಣ ಬರುತ್ತದೆ. ಎರಡೂ ಬದಿಗೆ ಸಮನಾಗಿ ಬಂದಿದ್ದರೆ ಅನುಮಾನ ಇನ್ನೂ ಗಟ್ಟಿ. ಹೊಸದಾಗಿ ನಡುಕ, ನಿಧಾನ ಕಂಡವರ ಮಾತ್ರೆ ಚೀಟಿಯನ್ನು ಮೊದಲು ಓದಬೇಕು, ಪಾರ್ಕಿನ್ಸನ್‌ನ ಮಾತ್ರೆ ಲೆವೊಡೋಪಾ ಬರೆಯುವುದು ಆಮೇಲೆ.

ಸರ್ಕ್ಯೂಟ್ ಗೊತ್ತಿಲ್ಲದೆ ಔಷಧಿ ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಮೂರ್ಛೆರೋಗದಲ್ಲಿ ಇನ್ನೂ ಕಠೋರ ಉದಾಹರಣೆಯಿದೆ. ಮಿದುಳಿನ ಹೊರಪದರದಲ್ಲಿ ಐದರಲ್ಲಿ ನಾಲ್ಕು ಪಾಲು ಕೋಶಗಳು ಉದ್ದೀಪಿಸುವಂಥವು, ಉಳಿದ ಒಂದು ಪಾಲು ಗಾಬಾ ಎಂಬ ರಾಸಾಯನಿಕ ಸುರಿಸಿ ತಡೆಯುವಂಥವು. ಡ್ರಾವೆ ಸಿಂಡ್ರೋಮ್ ಎಂಬ ತೀವ್ರ ಮೂರ್ಛೆರೋಗ ಇರುವ ಬಹುಪಾಲು ಮಕ್ಕಳಲ್ಲಿ ಎಸ್‌ಸಿಎನ್1ಎ ಜೀನ್ ಕೆಟ್ಟಿರುತ್ತದೆ. ಅದು ತಯಾರಿಸುವ ಸೋಡಿಯಂ ಚಾನೆಲ್ ಅನ್ನು, ಅಂದರೆ ಕೋಶ ಮಿಡಿಯಲು ಸೋಡಿಯಂ ಒಳಬಿಡುವ ಬಾಗಿಲನ್ನು, ಹೆಚ್ಚಾಗಿ ನೆಚ್ಚಿಕೊಂಡಿರುವುದು ಈ ತಡೆಯುವ ಕೋಶಗಳೇ. ಒಂದು ವರ್ಷ ತುಂಬುವ ಮೊದಲೇ ಜ್ವರದ ಜೊತೆ, ಹಲವು ಬಾರಿ ಅರ್ಧ ಮೈಗೆ ಮಾತ್ರ, ದೀರ್ಘ ಹೊತ್ತಿನ ಫಿಟ್ಸ್ ಬರುತ್ತದೆ. ಫಿಟ್ಸ್ ಎಂದೊಡನೆ ಕಾರ್ಬಮಜೆಪಿನ್, ಫೆನಿಟಾಯಿನ್ ಅಥವಾ ಲ್ಯಾಮೊಟ್ರಿಜಿನ್ ಹಿಡಿಸಿದರೆ, ಅವು ಅಳಿದುಳಿದ ಸೋಡಿಯಂ ಚಾನೆಲ್‌ಗಳನ್ನೂ ಮುಚ್ಚುತ್ತವೆ. ಮೊದಲೇ ಸೋತಿದ್ದ ತಡೆ ಇನ್ನಷ್ಟು ಸೋಲುತ್ತದೆ, ಫಿಟ್ಸ್ ಹೆಚ್ಚುತ್ತದೆ. ಬೇರೆ ಎಷ್ಟೋ ಜನರ ಫಿಟ್ಸ್ ನಿಲ್ಲಿಸುವ ಒಳ್ಳೆಯ ಔಷಧಿಗಳು ಈ ಮಕ್ಕಳಿಗೆ ಅಪಾಯಕಾರಿ. ಇಲ್ಲಿ ಸಾಮಾನ್ಯವಾಗಿ ವಾಲ್ಪ್ರೊಯೇಟ್, ಕ್ಲೋಬಜಾಮ್‌ನಿಂದ ಶುರುಮಾಡುತ್ತಾರೆ.

ಗೀಳು ರೋಗದಲ್ಲಿ, ಅಂದರೆ ಒಸಿಡಿಯಲ್ಲಿ, ಕಣ್ಣಿನ ಮೇಲ್ಭಾಗದ ಕಾರ್ಟೆಕ್ಸ್, ಸ್ಟ್ರಯೇಟಮ್‌ನ ಭಾಗವಾದ ಕಾಡೇಟ್, ಥಲಾಮಸ್ ಸೇರಿದ ಸುತ್ತು ಬಿಡದೆ ಸುತ್ತುತ್ತಿರುತ್ತದೆ. ಮಿದುಳಿನ ಚಟುವಟಿಕೆ ತೋರಿಸುವ ಪಿಇಟಿ ಸ್ಕ್ಯಾನ್ ಬಳಸಿ 1992ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಖಿನ್ನತೆಗೂ ಕೊಡುವ ಫ್ಲುಯೊಕ್ಸೆಟಿನ್‌ನಿಂದ ಗುಣ ಕಂಡವರಲ್ಲೂ, ಮಾತ್ರೆಯೇ ಇಲ್ಲದೆ ವರ್ತನಾ ಚಿಕಿತ್ಸೆಯಿಂದ ಗುಣ ಕಂಡವರಲ್ಲೂ ಬಲಗಡೆಯ ಕಾಡೇಟ್‌ನ ಚಟುವಟಿಕೆ ತಗ್ಗಿತ್ತು. ‘ಮಿದುಳಿನ ಕಾಯಿಲೆಗೆ ಕೌನ್ಸೆಲಿಂಗ್ ಏನು ಮಾಡೀತು’ ಎನ್ನುವವರು ಇದನ್ನು ಗಮನಿಸಬೇಕು. ಬರೀ ಸಾಂತ್ವನದ ಮಾತಿನಿಂದ ಇದು ಆಗುವುದಿಲ್ಲ. ಕೊಳೆ ಮುಟ್ಟಿಸಿ, ಕೈ ತೊಳೆಯಲು ಬಿಡದೆ, ಆತಂಕ ತಾನಾಗಿ ಇಳಿಯುವವರೆಗೆ ಕೂರಿಸುವ ಎಕ್ಸ್‌ಪೋಶರ್ ಚಿಕಿತ್ಸೆ ಬೇಕು. ಮಾತ್ರೆಯಾದರೆ ಖಿನ್ನತೆಗಿಂತ ಹೆಚ್ಚಿನ ಡೋಸ್, ಉದಾಹರಣೆಗೆ ಫ್ಲುಯೊಕ್ಸೆಟಿನ್ 40ರಿಂದ 80 ಮಿ.ಗ್ರಾಂ, 8ರಿಂದ 12 ವಾರ. 20 ಮಿ.ಗ್ರಾಂ ಒಂದು ತಿಂಗಳು ತಗೊಂಡು ‘ಕೆಲಸ ಮಾಡಲಿಲ್ಲ’ ಎಂದು ಬಿಟ್ಟವರು ಪೂರ್ತಿ ಚಿಕಿತ್ಸೆ ಪಡೆದೇ ಇಲ್ಲ.

ಖಿನ್ನತೆಯ ಮಾತ್ರೆಗಳು ಸೆರೊಟೋನಿನ್ ಏರಿಸುವುದು ಗಂಟೆಗಳಲ್ಲಿ, ಮನಸ್ಸು ತಿಳಿಯಾಗುವುದು ವಾರಗಳಲ್ಲಿ. ಬರೀ ಕೊರತೆಯೇ ಆಗಿದ್ದರೆ ಈ ಅಂತರ ಇರುತ್ತಿರಲಿಲ್ಲ. ಮಾತ್ರೆಗೆ ಬಗ್ಗದ ಖಿನ್ನತೆಗೆ ಟಿಎಂಎಸ್ ಇದೆ. ತಲೆಬುರುಡೆಯ ಹೊರಗಿನಿಂದಲೇ ಆಯಸ್ಕಾಂತದ ಮಿಡಿತ ಕೊಟ್ಟು ಎಡಗಡೆಯ ಪ್ರೀಫ್ರಂಟಲ್ ಭಾಗವನ್ನು ಚುರುಕುಗೊಳಿಸುವುದು. ಹಳೆಯ ಕ್ರಮದಲ್ಲಿ ಸೆಕೆಂಡಿಗೆ 10 ಮಿಡಿತದಂತೆ 37.5 ನಿಮಿಷ. ಮಿಡಿತಗಳನ್ನು ಗುಂಪುಗುಂಪಾಗಿ ವೇಗವಾಗಿ ಕೊಡುವ, ಮೂರೇ ನಿಮಿಷದ ಥೀಟಾ ಬರ್ಸ್ಟ್ ಅದಕ್ಕಿಂತ ಕಡಿಮೆಯಿಲ್ಲ ಎಂದು 414 ಜನರ ಮೇಲಿನ 2018ರ ಪ್ರಯೋಗ ತೋರಿಸಿತು. ಒಟ್ಟು 20ರಿಂದ 30 ಸಲ ಕೊಡುತ್ತಾರೆ. ಎಡವುವುದು ಜಾಗ ಗುರುತಿಸುವಲ್ಲಿ. ಮಿಡಿತ ಕೊಟ್ಟಾಗ ಹೆಬ್ಬೆರಳು ಅದುರುವ, ತಲೆಯ ಮೇಲಿನ ಬಿಂದುವಿನಿಂದ 5 ಸೆಂ.ಮೀ. ಮುಂದಕ್ಕೆ ಅಳೆದು ಕಾಯಿಲ್ (ಮಿಡಿತ ಕೊಡುವ ಸುರುಳಿ) ಇಡುವ ಹಳೆಯ ಪದ್ಧತಿಯಲ್ಲಿ, ತಲೆಯ ಗಾತ್ರ ಒಬ್ಬೊಬ್ಬರದು ಒಂದೊಂದು ಥರವಾದ್ದರಿಂದ, ಕಾಯಿಲ್ ಎಷ್ಟೋ ಸಲ ಹಿಂದೆಯೇ ಉಳಿದು ಚಲನೆಗೆ ಸಂಬಂಧಿಸಿದ ಭಾಗದ ಮೇಲೆ ಕೂರುತ್ತದೆ. ಆಗ ಯಂತ್ರ ಸರಿಯಿದ್ದು, ಡೋಸ್ ಸರಿಯಿದ್ದು, ಬೇಕಾದ ಸರ್ಕ್ಯೂಟಿಗೆ ಮಿಡಿತ ಸರಿಯಾಗಿ ತಲುಪಿರುವುದೇ ಇಲ್ಲ. ಟಿಎಂಎಸ್ ಶುರುಮಾಡುವ ಮೊದಲು ‘ಜಾಗ ಹೇಗೆ ಗುರುತಿಸುತ್ತೀರಿ’ ಎಂದು ಕೇಳಿ. ತಲೆಯ ಸುತ್ತಳತೆ ಮತ್ತಿತರ ಅಳತೆಯಿಂದ ಎಡಗಡೆಯ ಪ್ರೀಫ್ರಂಟಲ್ ಭಾಗದ ಮೇಲಿರುವ ಎಫ್3 ಬಿಂದು ಲೆಕ್ಕಹಾಕುತ್ತೇವೆ ಅಂದರೂ ಸರಿ, ರೋಗಿಯ ಎಂಆರ್‌ಐ ನೋಡಿಕೊಂಡು ಜಾಗ ಹಿಡಿಯುವ ನ್ಯೂರೊನ್ಯಾವಿಗೇಶನ್ ಮಾಡುತ್ತೇವೆ ಅಂದರೆ ಇನ್ನೂ ಒಳ್ಳೆಯದು.