ಮೋಡದ ಮೇಲಿಟ್ಟ ಗಂಟು

2025ರ ದೀಪಾವಳಿ ದಿನ ಅಮೆರಿಕದಲ್ಲಿ ಕೆಲವು ಹಾಸಿಗೆಗಳಿಗೆ ಜ್ವರ ಬಂತು.

ಸುಮ್ನೆ ಹೇಳುತ್ತಿಲ್ಲ. ಏಯ್ಟ್ ಸ್ಲೀಪ್ ಅಂತ ಒಂದು ಕಂಪನಿ ಇದೆ. ಅವರ ಹಾಸಿಗೆಗೆ ಎರಡು ಸಾವಿರ ಡಾಲರಿಗೂ ಜಾಸ್ತಿ ಬೆಲೆ. ಒಳಗೆ ನೀರು ಓಡಾಡುತ್ತದೆ. ಮಲಗಿದವರ ಮೈ ನೋಡಿಕೊಂಡು ಹಾಸಿಗೆ ತಾನೇ ತಣ್ಣಗಾಗುತ್ತದೆ, ತಾನೇ ಬೆಚ್ಚಗಾಗುತ್ತದೆ. ಬೇಕೆಂದರೆ ತಲೆಯ ಕಡೆ ಎತ್ತಿ ಕೂರಿಸುತ್ತದೆ. ಅಕ್ಟೋಬರ್ 20ರಂದು ಕೆಲವರು ಬೆವರಿ ಒದ್ದೆಯಾಗಿ ಎದ್ದರು. ಇನ್ನು ಕೆಲವರ ಹಾಸಿಗೆ ಎತ್ತಿದ ತಲೆಯನ್ನು ಇಳಿಸಲೇ ಇಲ್ಲ. ಪಾಪ, ಎರಡು ಸಾವಿರ ಡಾಲರ್ ಕೊಟ್ಟು ರಾತ್ರಿ ಬಸ್ಸಿನ ಸೀಟಿನಲ್ಲಿ ಕೂತ ಹಾಗೆ ಕೂತರು.

ಹಾಸಿಗೆಗೆ ಏನೂ ಆಗಿರಲಿಲ್ಲ. ವರ್ಜೀನಿಯಾದಲ್ಲಿ ಅಮೆಜಾನಿನವರ ಕ್ಲೌಡ್ ಬಿದ್ದಿತ್ತು, ಅಂದರೆ ಕೆಲಸ ನಿಲ್ಲಿಸಿತ್ತು. ಹಾಸಿಗೆಯ ಬುದ್ಧಿ ಎಲ್ಲ ಅಲ್ಲಿತ್ತು.

ನಮ್ಮ ಲೆಕ್ಕಪತ್ರವನ್ನೆಲ್ಲ ದೂರದಲ್ಲಿರುವ ಯಾರದೋ ಕಂಪ್ಯೂಟರುಗಳಲ್ಲಿ ಇಡುವುದಕ್ಕೆ ಕ್ಲೌಡ್ ಅನ್ನುತ್ತಾರೆ. ಕ್ಲೌಡ್ ಅಂದರೆ ಮೋಡ. ಮೋಡದ ಬಗ್ಗೆ ಕೊಡಗಿನವರಿಗೆ ಯಾರೂ ಪಾಠ ಹೇಳಬೇಕಿಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಅದು ನಮ್ಮ ಅಂಗಳದಲ್ಲೇ ಇರುತ್ತದೆ. ಬಾಗಿಲು ತೆರೆದರೆ ಒಳಗೂ ಬರುತ್ತದೆ. ಉಪ್ಪಿನ ಡಬ್ಬಿಗೆ ಇಳಿಯುತ್ತದೆ. ಹಪ್ಪಳವನ್ನು ಮೆತ್ತಗೆ ಮಾಡುತ್ತದೆ. ಮೂಲೆಯಲ್ಲಿಟ್ಟ ಚಪ್ಪಲಿಗೆ ಬೂಸ್ಟು ಹಿಡಿಸುತ್ತದೆ. ಇಷ್ಟು ತಲೆಮಾರು ಮೋಡದ ಜೊತೆ ಬದುಕಿದ್ದೇವೆ. ಆದರೂ ಒಬ್ಬನೇ ಒಬ್ಬನಿಗೆ, ‘ಜಾಗದ ಪತ್ರ, ಮಗಳ ಮದುವೆ ಫೋಟೊ, ದುಡ್ಡಿನ ಲೆಕ್ಕ ಎಲ್ಲ ತಗೊಂಡು ಹೋಗಿ ಇದರ ಮೇಲೆ ಇಡುವ’ ಅಂತ ಹೊಳೆದಿರಲಿಲ್ಲ. ಅದಕ್ಕೇ ಇರಬೇಕು, ನಾವು ಹಿಂದುಳಿದೆವು.

ಅಕ್ಕನ ಮಗನಿಗೆ ಹೊಳೆಯಿತು. ಅವನು ಬೆಂಗಳೂರಿನಲ್ಲಿ ಕ್ಲೌಡ್ ಕೆಲಸ ಮಾಡುತ್ತಾನೆ. ಏನು ಕೆಲಸ ಅಂತ ಕೇಳಿದರೆ, ‘ಅದು ಬೀಳದ ಹಾಗೆ ನೋಡಿಕೊಳ್ಳೋದು ಮಾವ’ ಅನ್ನುತ್ತಾನೆ. ತಲಕಾವೇರಿಯ ತೀರ್ಥೋದ್ಭವಕ್ಕೆಂದು ಬಂದವನು ದೀಪಾವಳಿ ಮುಗಿಸಿ ಹೋಗುವ ಅಂತ ಉಳಿದಿದ್ದ. ಹಬ್ಬದ ದಿನ ಮಧ್ಯಾಹ್ನ ಹನ್ನೆರಡೂ ಕಾಲಿನ ಹೊತ್ತಿಗೆ ಅವನ ಲ್ಯಾಪ್‌ಟಾಪ್ ಟಿಂಗ್ ಟಿಂಗ್ ಅನ್ನಲು ಶುರು ಮಾಡಿತು. ಊಟಕ್ಕೆ ಕರೆದೆ, ಬರಲಿಲ್ಲ. ಜಗಲಿಯಲ್ಲಿ ಕೂತ ಹವಾಲ್ದಾರಜ್ಜ ವಿಚಾರಿಸಿದರು.

‘ಏನಾಯಿತು ಮಾರಾಯ?’

‘ಕ್ಲೌಡ್ ಬಿದ್ದಿದೆ ಅಜ್ಜ.’

‘ಎಲ್ಲಿ, ಗಾಳಿಬೀಡಿನಲ್ಲಾ?’

‘ಇಲ್ಲ ಅಜ್ಜ. ಅಮೆರಿಕದಲ್ಲಿ.’

‘ಮತ್ತೆ ನಿನಗ್ಯಾಕೆ ನೀರಿಳಿಯುತ್ತಾ ಇರೋದು?’

ಅಜ್ಜ ನಮ್ಮ ನೆರೆಯವರು. 1971ರ ಯುದ್ಧ ಕಂಡವರು. ಅವರ ಪ್ರಶ್ನೆಗೆ ಅಳಿಯನ ಹತ್ತಿರ ಉತ್ತರ ಇರಲಿಲ್ಲ. ನಿಜ ಹೇಳಬೇಕೆಂದರೆ ಜಗತ್ತಿನ ಹತ್ತಿರವೂ ಇರಲಿಲ್ಲ.

ಯಾಕೆ ಬಿತ್ತು ಅನ್ನೋದನ್ನು ಆಮೇಲೆ ಅಮೆಜಾನಿನವರೇ ವಿವರವಾಗಿ ಹೇಳಿದರು. ಅಳಿಯ ಓದಿ ಹೇಳಿದ್ದನ್ನು ನನಗೆ ತಿಳಿದ ತೋಟದ ಭಾಷೆಗೆ ಇಳಿಸುತ್ತೇನೆ. ಯಾವ ಸರ್ವರ್, ಅಂದರೆ ಕ್ಲೌಡಿನ ಕಂಪ್ಯೂಟರ್, ಎಲ್ಲಿದೆ ಅನ್ನುವ ವಿಳಾಸದ ಪುಸ್ತಕ ಒಂದಿದೆ. ಡಿಎನ್‌ಎಸ್ ಅನ್ನುತ್ತಾರೆ. ತೋಟದ ಆಳುಗಳ ಹಾಜರಿ ಬರೆಯುವ ನಮ್ಮ ಚೆಕ್‌ರೋಲ್ ಇದ್ದ ಹಾಗೆ ಅಂದುಕೊಳ್ಳಿ. ಅದನ್ನು ಬರೆಯಲು ಒಬ್ಬನೇ ರೈಟರ್, ಅಂದರೆ ಗುಮಾಸ್ತ, ಸಾಲದು, ಒಬ್ಬ ಕೈಕೊಟ್ಟರೆ ಇನ್ನೊಬ್ಬ ಇರಲಿ ಅಂತ ಬೇರೆ ಬೇರೆ ರೈಟರ್‌ಗಳನ್ನು ಇಟ್ಟಿದ್ದರು. ಮನುಷ್ಯರಲ್ಲ, ಪ್ರೋಗ್ರಾಂಗಳು. ಅದರಲ್ಲಿ ಒಬ್ಬ ನಿಧಾನಿ. ಚುರುಕಿನವನು ಹೊಸ ಪಟ್ಟಿ ಬರೆದು ಮುಗಿಸಿದ ಮೇಲೆ ಈ ನಿಧಾನಿ ಬಂದು ಅದರ ಮೇಲೆಯೇ ಹಳೇ ಪಟ್ಟಿ ಬರೆದ. ಚುರುಕಿನವನು ಅಷ್ಟರಲ್ಲಿ ಹಳೇ ಪಟ್ಟಿಗಳನ್ನೆಲ್ಲ ಹರಿದು ಎಸೆಯಲು ಹೊರಟಿದ್ದ. ಇದೂ ಹಳೇದು ಅಂತ ಹರಿದ. ಪುಟ ಖಾಲಿ. ಕಣದಲ್ಲಿ ಆಳುಗಳೆಲ್ಲ ಬಂದು ನಿಂತಿದ್ದಾರೆ, ಹೆಸರು ಕೂಗಲು ಪಟ್ಟಿಯೇ ಇಲ್ಲ.

ನಮ್ಮಲ್ಲಾಗಿದ್ದರೆ ಇಬ್ಬರು ರೈಟರ್‌ಗಳೂ ಬೈಸಿಕೊಂಡು, ಹನ್ನೊಂದು ಗಂಟೆ ಕಾಫಿಯ ಹೊತ್ತಿಗೆ ಕೆಲಸ ನಡೆಯುತ್ತಿತ್ತು. ಅಲ್ಲಿ ಎಲ್ಲ ಸರಿಯಾಗಲು ಸುಮಾರು ಹದಿನೈದು ಗಂಟೆ ಹಿಡಿಯಿತು. ಕರೆಗಂಟೆಗಳು ನಿಂತವು, ಆಟಗಳು ನಿಂತವು, ಚಾಟ್ ನಿಂತಿತು. ಹಾಸಿಗೆಯ ಕತೆ ಹೇಳಿದೆನಲ್ಲ.

ಅಳಿಯನ ಲೋಕದಲ್ಲಿ ‘ಐದು ಒಂಬತ್ತು’ ಅಂತ ಒಂದು ಮಂತ್ರ ಇದೆ. ನೂರಕ್ಕೆ 99.999 ಹೊತ್ತು ನಡೆಯಬೇಕು, ಅಂದರೆ ವರ್ಷಕ್ಕೆ ಐದು ನಿಮಿಷ ಚಿಲ್ಲರೆ ಮಾತ್ರ ಬೀಳಬಹುದು. ಇದನ್ನು ಅವನು ಅಜ್ಜನಿಗೆ ಬಹಳ ಹೆಮ್ಮೆಯಿಂದ ಹೇಳಿದ. ಅಜ್ಜ ಏನೂ ಹೇಳಲಿಲ್ಲ. ಮೂರು ದಿನ ಮೊದಲು, ಅಕ್ಟೋಬರ್ 17ರಂದು, ಅವರಿಬ್ಬರೂ ಒಟ್ಟಿಗೆ ತಲಕಾವೇರಿಗೆ ಹೋಗಿ ಬಂದಿದ್ದರು. ಅಲ್ಲಿ ಪಂಚಾಂಗ ನೋಡಿ ಗಂಟೆ, ನಿಮಿಷ ಮೊದಲೇ ಹೇಳುತ್ತಾರೆ. ಸಾವಿರಾರು ಜನ ಕೊಡ ಹಿಡಿದು ಕಾಯುತ್ತಾರೆ. ‘ತಾಂತ್ರಿಕ ಕಾರಣದಿಂದ ತೀರ್ಥ ಸದ್ಯಕ್ಕೆ ಲಭ್ಯವಿಲ್ಲ, ಸ್ವಲ್ಪ ಹೊತ್ತು ಬಿಟ್ಟು ಪ್ರಯತ್ನಿಸಿ’ ಅಂತ ಯಾವ ವರ್ಷದ ಅರ್ಚಕರೂ ಹೇಳಿದ್ದು ನಾನು ಕೇಳಿಲ್ಲ.

ಹಾಸಿಗೆ ಕಂಪನಿಯ ಮುಖ್ಯಸ್ಥರು ಕ್ಷಮೆ ಕೇಳಿದರು. ಕೆಲವೇ ದಿನಗಳಲ್ಲಿ ಹೊಸ ಸೌಲಭ್ಯ ಬಂತು. ಕ್ಲೌಡ್ ಬಿದ್ದರೂ ಪಕ್ಕದಲ್ಲಿರುವ ಫೋನಿನ ಬ್ಲೂಟೂತ್‌ನಿಂದಲೇ ಹಾಸಿಗೆಗೆ ಹೇಳಬಹುದಂತೆ! ನಮ್ಮ ಮನೆಯ ಕಂಬಳಿಗೆ ಈ ಸೌಲಭ್ಯ ಮೊದಲಿನಿಂದಲೂ ಇದೆ. ಚಳಿಯಾದರೆ ಎಳೆದುಕೊಳ್ಳೋದು. ಸೆಖೆಯಾದರೆ ಒದೆಯೋದು.

ನಗಬೇಡಿ, ಈಗ ನಮ್ಮ ಸರದಿ.

ನವೆಂಬರ್ ಬಂದರೆ ಪಿಂಚಣಿ ತೆಗೆದುಕೊಳ್ಳುವವರು ತಾವು ಬದುಕಿದ್ದೇವೆ ಅಂತ ತೋರಿಸಬೇಕು. ಮೊದಲೆಲ್ಲ ಹವಾಲ್ದಾರಜ್ಜ ಬಿಳಿ ಅಂಗಿ ಹಾಕಿ ಪೇಟೆಗೆ ಹೋಗುತ್ತಿದ್ದರು. ಕಿಟಕಿಯಾಚೆಯ ಗುಮಾಸ್ತರು ತಲೆ ಎತ್ತಿ, ‘ಓ, ಹವಾಲ್ದಾರರು! ಮಳೆ ಹೇಗೆ ನಿಮ್ಮ ಕಡೆ?’ ಅನ್ನುತ್ತಿದ್ದರು. ಅಷ್ಟೇ. ಅಜ್ಜ ಬದುಕಿರುವುದು ಸಾಬೀತು. ಈಗ ಅಷ್ಟು ದೂರ ಹೋಗುವ ತೊಂದರೆ ಇಲ್ಲ, ಮನೆಯಲ್ಲೇ ಕೂತು ಮಾಡಬಹುದು. ಮನೆಯಲ್ಲೇ ಕೂತು ಮಾಡಲು ಏನೇನು ಬೇಕು ಅಂತ ಹೇಳುತ್ತೇನೆ, ಕೇಳಿ.

ನಮ್ಮೂರು ನಾಪೋಕ್ಲಿನಿಂದ ಇನ್ನೂ ಒಳಗೆ. ಮನೆಗೆ ಕೇಬಲ್ಲಿನಲ್ಲಿ ಇಂಟರ್‌ನೆಟ್ ಬಂದಿದೆ. ಮೊಬೈಲ್ ಸಿಗ್ನಲ್ ಬಂದಿಲ್ಲ. ಅದು ಸಿಗೋದು ತೋಟದ ತುದಿಯ ದಿಬ್ಬದಲ್ಲಿ, ಒಂದು ಸಿಲ್ವರ್ ಮರದ ಬುಡದಲ್ಲಿ. ಊರಿಗೆಲ್ಲ ಅದು ‘ಒಟಿಪಿ ಮರ’. ಆ ಮರಕ್ಕೆ ಹಬ್ಬಿಸಿದ ಮೆಣಸಿನ ಬಳ್ಳಿಯನ್ನು ಜನ ತುಳಿದು ತುಳಿದು ಸಾಯಿಸಿದ್ದಾರೆ. ಮನೆಯಲ್ಲಿ ಕಂಪ್ಯೂಟರಿನ ಬಟನ್ ಒತ್ತಿದರೆ ನಂಬರ್ ಬರೋದು ದಿಬ್ಬದ ಮೇಲಿನ ಫೋನಿಗೆ. ಒಟಿಪಿಯ ಆಯಸ್ಸು ಹತ್ತು ನಿಮಿಷ. ದಿಬ್ಬದಿಂದ ಮನೆಗೆ ಓಡಿದರೂ ಹನ್ನೆರಡು ನಿಮಿಷ. ಬೆಂಗಳೂರಿನಲ್ಲಿ ಈ ಹತ್ತು ನಿಮಿಷ ಅಂತ ನಿಗದಿ ಮಾಡಿದ ಪುಣ್ಯಾತ್ಮನನ್ನು ಒಂದು ಸಲ ನಮ್ಮ ಜಾರುದಾರಿಯಲ್ಲಿ ಓಡಿಸಬೇಕು ಅಂತ ನನ್ನ ಆಸೆ.

ಓಡುವುದು ಆಗದಿದ್ದರೆ ಕೂಗಬೇಕು. ಮರದ ಬುಡದಲ್ಲಿ ಒಬ್ಬ, ನಡುವೆ ಕೆರೆಯ ಹತ್ತಿರ ಒಬ್ಬ, ಆಳುಗಳ ಲೈನ್‌ಮನೆಯ ಮುಂದೆ ಒಬ್ಬ, ಕಂಪ್ಯೂಟರಿನ ಮುಂದೆ ನಾನು. ‘ಈ ಸಂಖ್ಯೆಯನ್ನು ಯಾರೊಂದಿಗೂ ಹಂಚಿಕೊಳ್ಳಬೇಡಿ’ ಅನ್ನುವ ಸಂದೇಶವನ್ನು ಓದಿದ ಮೇಲೆ, ಆ ಸಂಖ್ಯೆಯನ್ನು ಇಡೀ ಕಣಿವೆಗೆ ಕೇಳುವ ಹಾಗೆ ಕೂಗಿದೆವು. ‘ನಾಲ್ಕೂ... ಏಳೂ... ಏಳೂ...’ ಕೆರೆಯ ಹತ್ತಿರ ಬಿಸಿಲು ಕಾಯಿಸುತ್ತಾ ಕೂತಿದ್ದ ಆಳು, ತನಗೇ ಹೇಳುತ್ತಿದ್ದಾರೆ ಅಂತ ಗಡಿಬಿಡಿಯಲ್ಲಿ ಎದ್ದು ನಿಂತ. ಅವನ ಪಕ್ಕದ ಅಸ್ಸಾಮಿನ ಹುಡುಗ, ಇವನು ಎದ್ದದ್ದು ನೋಡಿ, ಆನೆ ಬಂತು ಅಂತ ಓಡಿದ. ನಂಬರ್ ಅಲ್ಲಿಗೇ ನಿಂತಿತು. ಎರಡನೇ ಸಲಕ್ಕೆ ಎಲ್ಲ ಸರಿಯಾಗಿ ಬಂತು. ಅಷ್ಟು ಹೊತ್ತಿಗೆ ಮನೆಯಲ್ಲಿ ಕರೆಂಟ್ ಹೋಯಿತು.

ಅಜ್ಜನ ಗೋಡೆಯಲ್ಲಿ ಒಂದು ಕೋವಿ ಇದೆ. ಅದಕ್ಕೆ ಲೈಸೆನ್ಸ್ ಬೇಕಿಲ್ಲ. ಕೊಡವರಿಗೆ, ವಂಶಪಾರಂಪರ್ಯವಾಗಿ ಬಂದ ಜಮ್ಮಾ ಹಿಡುವಳಿಯವರಿಗೆ ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿ ಅದು, ಈಗ 2029ರವರೆಗೆ ಇದೆ. ಕೋವಿಯ ವಿಷಯದಲ್ಲಿ ಸರ್ಕಾರ ಅಜ್ಜನನ್ನು ನಂಬುತ್ತದೆ. ಅಜ್ಜ ಜೀವಂತ ಇದ್ದಾರೆ ಅನ್ನೋದನ್ನು ಮಾತ್ರ ನಂಬುವುದಿಲ್ಲ.

ಮರುದಿನ ಅಜ್ಜನನ್ನೇ ಮರದ ಹತ್ತಿರ ಕರೆದುಕೊಂಡು ಹೋದೆವು. ಎಲ್ಲ ಫೋನಿನಲ್ಲೇ ಮಾಡಿಬಿಡುವ ಅಂತ. ಒಟಿಪಿ ಬಂತು. ಇನ್ನು ಮುಖ. ಫೋನು ಹೇಳಿತು: ಕಣ್ಣು ಮಿಟುಕಿಸಿ.

ಅಜ್ಜ ಅಟೆನ್ಷನ್‌ನಲ್ಲಿ ನಿಂತರು. ಮಿಟುಕಿಸಲಿಲ್ಲ.

‘ಅಜ್ಜ, ಕಣ್ಣು ಮಿಟುಕಿಸಬೇಕಂತೆ.’

‘ಪರೇಡಿನಲ್ಲಿ ಮಿಟುಕಿಸಬಾರದು ಅಂತ ಕಲಿಸಿದ್ದೇ ಈ ಸರ್ಕಾರ. ಈಗ ಮಿಟುಕಿಸು ಅಂದರೆ?’

ಹೇಗೋ ಒಪ್ಪಿಸಿದೆವು. ಆಗ ಮಂಜು ಬಂತು. ಮುಖ ಸ್ಪಷ್ಟವಾಗಿಲ್ಲ ಅಂದಿತು ಫೋನು. ಮಂಜು ಹೋಯಿತು. ಬೆಳಕು ಸಾಲದು. ಛತ್ರಿ ಮಡಚಿದೆವು. ಬೆಳಕು ಜಾಸ್ತಿ. ಮೂರು ಸಲ ಅಜ್ಜ ಬದುಕಿಲ್ಲ ಅಂತ ತೀರ್ಮಾನ ಆಯಿತು. ನಾಲ್ಕನೇ ಸಲ ಫೋನು ಹಿಡಿದಾಗ ಮಳೆಗಾಲದಿಂದ ಉಳಿದಿದ್ದ ಒಂದು ಜಿಗಣೆ ಅಜ್ಜನ ಕಿವಿಯ ಹಿಂದೆ ಕಚ್ಚಿತು. ಅಜ್ಜ ಪಟಪಟ ಅಂತ ಕಣ್ಣು ಮಿಟುಕಿಸಿದರು. ಪರದೆಯಲ್ಲಿ ಹಸಿರು ಗುರುತು ಬಂತು. ಬದುಕಿದ್ದಾರೆ!

ಜಿಗಣೆಗೆ ಮಾತ್ರ ಆ ಬಗ್ಗೆ ಮೊದಲಿನಿಂದಲೂ ಸಂಶಯ ಇರಲಿಲ್ಲ.

ಅದೇ ನವೆಂಬರ್ 18ಕ್ಕೆ, ಜಾಲತಾಣಗಳ ಬಾಗಿಲು ಕಾಯುವ ಕ್ಲೌಡ್‌ಫ್ಲೇರ್ ಅನ್ನುವವರದ್ದೂ ಬಿತ್ತು. ಬೇಡದ ಬಾಟ್‌ಗಳನ್ನು, ಅಂದರೆ ಮನುಷ್ಯರ ಹಾಗೆ ತಾಣಕ್ಕೆ ನುಗ್ಗುವ ಪ್ರೋಗ್ರಾಂಗಳನ್ನು, ತಡೆಯಲು ಇಟ್ಟ ಒಂದು ಫೈಲು ಇದ್ದಕ್ಕಿದ್ದಂತೆ ಎರಡರಷ್ಟು ದಪ್ಪ ಆಯಿತಂತೆ. ಬೇಲಿ ದಪ್ಪವಾಗಿ ಮನೆಯವರಿಗೇ ದಾರಿ ಇಲ್ಲ. ಚಾಟ್‌ಜಿಪಿಟಿಯೂ ಮಲಗಿತು. ಯಾವುದು ಬಿದ್ದಿದೆ ಅಂತ ಜನರಿಗೆ ಹೇಳಲು ಡೌನ್‌ಡಿಟೆಕ್ಟರ್ ಅಂತ ಒಂದು ತಾಣ ಇದೆ, ಆ ದಿನ ಅದೂ ಬಿತ್ತು. ನಮಗೆ ಇದರಲ್ಲಿ ಹೊಸತೇನಿಲ್ಲ. ಮರ ಬಿದ್ದು ಲೈನ್ ಹೋದಾಗ ದೂರು ಹೇಳಲು ಫೋನ್ ಬೇಕು, ಫೋನಿಗೆ ಟವರ್ ಬೇಕು, ಟವರಿಗೆ ಕರೆಂಟ್ ಬೇಕು. ಹೋಗಿರೋದು ಅದೇ.

ಡಿಸೆಂಬರಿನಲ್ಲಿ ಅಳಿಯ ಹುತ್ತರಿಗೆ, ನಮ್ಮ ಸುಗ್ಗಿ ಹಬ್ಬಕ್ಕೆ, ಬಂದ. ಕದಿರು ತೆಗೆಯುವ ಹೊತ್ತಿಗೆ ಅಜ್ಜನ ಕೋವಿಯಿಂದ ಗುಂಡು ಹಾರಿತು. ಒಂದೇ ಸಲಕ್ಕೆ. ಅಪ್‌ಡೇಟ್ ಕೇಳಲಿಲ್ಲ. ರಾತ್ರಿ ಊಟ ಆದ ಮೇಲೆ ಅಳಿಯ ದಕ್ಷಿಣ ಕೊರಿಯಾದ ಸುದ್ದಿ ತೆಗೆದ. ಅಲ್ಲಿ ಸೆಪ್ಟೆಂಬರ್ 26ರಂದು ಡೇಜಾನ್ ಅನ್ನುವ ಊರಿನಲ್ಲಿ ಸರ್ಕಾರದ ಡೇಟಾ ಸೆಂಟರಿಗೆ ಬೆಂಕಿ ಬಿತ್ತು. ಬ್ಯಾಟರಿಗಳನ್ನು ಬೇರೆ ಕಡೆ ಸಾಗಿಸುತ್ತಿದ್ದಾಗ ಆದದ್ದು. ಸರ್ಕಾರಿ ನೌಕರರು ಕೆಲಸದ ಕಡತ ಇಡುತ್ತಿದ್ದ ಸರ್ಕಾರಿ ಕ್ಲೌಡ್, 858 ಟೆರಾಬೈಟ್ ಮಾಹಿತಿ, ಸುಟ್ಟು ಹೋಯಿತು. ‘ನಿಮ್ಮ ಕಂಪ್ಯೂಟರಿನಲ್ಲಿ ಇಡಬೇಡಿ, ಇದರಲ್ಲೇ ಇಡಿ’ ಅಂತ ನೌಕರರಿಗೆ ಹೇಳಿದ್ದರಂತೆ.

‘ಇನ್ನೊಂದು ಕಡೆ ಇಟ್ಟಿರುತ್ತಾರಲ್ಲ?’ ಅಂದರು ಅಜ್ಜ.

‘ಇಲ್ಲ ಅಜ್ಜ. ತುಂಬಾ ದೊಡ್ಡದಿತ್ತು, ಅದಕ್ಕೆ ಬ್ಯಾಕಪ್ ಮಾಡಿರಲಿಲ್ಲವಂತೆ.’

ಅಜ್ಜ ಬಹಳ ಹೊತ್ತು ಅವನ ಮುಖವನ್ನೇ ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು. ‘ಬೀಜದ ಭತ್ತ ಜಾಸ್ತಿ ಇದೆ ಅಂತ ಯಾರಾದರೂ ಒಂದೇ ಪತ್ತಾಯದಲ್ಲಿ ಹಾಕುತ್ತಾರಾ? ಜಾಸ್ತಿ ಇದ್ದರೆ ಅಲ್ಲವಾ ಹಂಚಿ ಇಡೋದು?’ ಅಳಿಯ ಏನೋ ಹೇಳಲು ಹೋಗಿ, ಪಾಯಸ ಇನ್ನೂ ಇದೆಯಾ ಅಂತ ಕೇಳಿದ.

ಅಜ್ಜನ ಅಟ್ಟದಲ್ಲಿ ಒಂದು ಕಪ್ಪು ಟ್ರಂಕ್ ಇದೆ. ಸೈನ್ಯದಿಂದ ಬರುವಾಗ ತಂದದ್ದು, ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ನಂಬರ್. ಜಾಗದ ಪತ್ರ, ಡಿಸ್ಚಾರ್ಜ್ ಪುಸ್ತಕ, ಹೆಂಡತಿ ಬರೆದ ಕಾಗದ, ಎಲ್ಲವೂ ನುಸಿಗುಳಿಗೆ ಜೊತೆ ಅದರಲ್ಲಿದೆ. ಒಂದೊಂದು ಜೆರಾಕ್ಸ್ ಗೋಣಿಕೊಪ್ಪದ ಮಗಳ ಮನೆಯಲ್ಲಿದೆ. ಎಷ್ಟೋ ಮಳೆಗಾಲ ಕಂಡ ಟ್ರಂಕ್, ಇದುವರೆಗೆ ಬಿದ್ದಿಲ್ಲ. ಬೀಳಿಸಿದರೂ ಕಾಲಿಗೆ ಪೆಟ್ಟಾದೀತು ಅಷ್ಟೇ.

ಮರುದಿನ ಬೆಂಗಳೂರಿಗೆ ಹೊರಡುವ ಮೊದಲು ಅಳಿಯ ಅಜ್ಜನ ಮನೆಯ ಕಡೆ ನಡೆದ. ಕಂಕುಳಲ್ಲಿ ಒಂದು ಪ್ಲಾಸ್ಟಿಕ್ ಕವರ್. ನಾನೂ ಹಿಂದೆಯೇ ಹೋದೆ. ಕವರಿನಲ್ಲಿ ಅವನ ಇಂಜಿನಿಯರಿಂಗ್ ಸರ್ಟಿಫಿಕೇಟ್, ಹತ್ತನೇ ಕ್ಲಾಸಿನ ಅಂಕಪಟ್ಟಿ, ಅಪ್ಪ ಅಮ್ಮನ ಹಳೇ ಫೋಟೊ.

‘ಅಜ್ಜ, ಇದೊಂದು ಟ್ರಂಕಿನಲ್ಲಿ ಇಡ್ತೀರಾ?’

ಅಜ್ಜ ಸೊಂಟದ ಬೀಗದ ಕೈ ಹುಡುಕುತ್ತಾ ಎದ್ದರು. ಅಟ್ಟದ ಏಣಿಗೆ ಕಾಲಿಟ್ಟವರು ನಿಂತು ತಿರುಗಿ ನೋಡಿದರು.

‘ಇಡುವ. ಮೊದಲು ಕಣ್ಣು ಮಿಟುಕಿಸು.’