ಸೊನ್ನೆಗೆ ತಂದರೆ ಹೆಡ್ ನೇರವಾಯಿತೇ? ಒಂದು ಸ್ಪಷ್ಟನೆ

ಮೈಸೂರಿನ ಹೆಬ್ಬಾಳ, ಮೇಟಗಳ್ಳಿ ಕಡೆಯ ವರ್ಕ್‌ಶಾಪ್‌ಗಳಲ್ಲಿ ಒಂದು ಮಾತು ಓಡಾಡುತ್ತಿದೆ: ಹಳೇ ಹಾರಿಜಾಂಟಲ್ ಮಿಲ್ಲಿಂಗ್ ಮಷೀನಿಗೆ ವರ್ಟಿಕಲ್ ಹೆಡ್ (ಕಟರ್ ಅನ್ನು ನೆಟ್ಟಗೆ ಹಿಡಿದು ತಿರುಗಿಸುವ ಭಾಗ) ಕೂರಿಸಿ, ಅದರ ಡಿಗ್ರಿ ಗೆರೆಯನ್ನು ಸೊನ್ನೆಗೆ ತಂದು ಬೋಲ್ಟ್ ಬಿಗಿದರೆ ಸಾಕು, ಡಯಲ್ (ಸೂಕ್ಷ್ಮ ಏರಿಳಿತ ತೋರಿಸುವ ಮುಳ್ಳಿನ ಮಾಪಕ) ಬೇಡ. ಇದು ತಪ್ಪು.

ಗೆರೆ ಓದುವಾಗ ಕಾಲು ಡಿಗ್ರಿ ತಪ್ಪುವುದು ಸಲೀಸು. ಆ ಕಾಲು ಡಿಗ್ರಿ 200 ಮಿ.ಮೀ. ಅಗಲದಲ್ಲಿ 0.87 ಮಿ.ಮೀ. ವ್ಯತ್ಯಾಸ! ಮೇಜು ಓಡುವ ದಿಕ್ಕಿಗೇ ಹೆಡ್ ವಾಲಿದ್ದರೆ, 100 ಮಿ.ಮೀ. ಫೇಸ್ ಕಟರ್ (ಮೈ ಸಪಾಟು ಮಾಡುವ ಅಗಲದ ಕಟರ್) ಪೂರ್ತಿ ಅಗಲಕ್ಕೆ ಓಡಿದಾಗ ಜಾಬ್‌ನ ಮೈ ನಡುವೆ ಸುಮಾರು 0.2 ಮಿ.ಮೀ. ತಗ್ಗಾಗುತ್ತದೆ. ಅಡ್ಡಕ್ಕೆ ವಾಲಿದ್ದರೆ ಒಂದು ಪಾಸ್‌ಗೂ (ಕಟರ್‌ನ ಒಂದು ಓಟ) ಮುಂದಿನದಕ್ಕೂ ನಡುವೆ ಮೆಟ್ಟಿಲು.

ಸರಿಯಾದ ಕ್ರಮ ಇದು: ಮೊದಲು ಕಾಲಂ (ಮಷೀನಿನ ಕಂಬ) ಮುಖ, ಹೆಡ್ಡಿನ ಬೆನ್ನು ಎರಡನ್ನೂ ಒರೆಸಿ, ಎದ್ದ ಬರ್ (ಲೋಹದ ಮುಳ್ಳು) ಇದ್ದರೆ ಆಯಿಲ್‌ಸ್ಟೋನಿನಿಂದ ಉಜ್ಜಿ. ‘ನೀ’ (knee, ಮೇಜನ್ನು ಹೊತ್ತು ಮೇಲೆ-ಕೆಳಗೆ ಸರಿಯುವ ಭಾಗ), ಸ್ಯಾಡಲ್ (ಅದರ ಮೇಲೆ ಹಿಂದೆ-ಮುಂದೆ ಸರಿಯುವ ಭಾಗ) ಎರಡನ್ನೂ ಲಾಕ್ ಮಾಡಿ; ಸಡಿಲ ‘ನೀ’ ಮೇಲೆ ತೆಗೆದ ರೀಡಿಂಗ್ ಲಾಕ್ ಮಾಡಿದ ಕೂಡಲೇ ಬದಲಾಗುತ್ತದೆ. ಸ್ಪಿಂಡಲ್‌ಗೆ (ಕಟರ್ ತಿರುಗಿಸುವ ದಂಡ) ಡಯಲ್ ಕಟ್ಟಿ, ಗೇರ್ ನ್ಯೂಟ್ರಲ್‌ಗೆ ಹಾಕಿ, ಕೈಯಲ್ಲೇ ತಿರುಗಿಸಿ. ಡಯಲ್ ಮೊನೆ ಮೇಜಿನ ಟಿ-ಸ್ಲಾಟಿಗೆ (ಬೋಲ್ಟ್ ಕೂರುವ ಗಾಡಿ) ಬೀಳದಂತೆ ಮೇಜಿನ ಮೇಲೆ ದೊಡ್ಡ ಬೇರಿಂಗಿನ ಹೊರ ರೇಸ್ (ಹೊರ ಬಳೆ) ಇಟ್ಟು ಅದರ ಮೇಲೆ ಓಡಿಸಿ, ಗುಜರಿಯದ್ದಾದರೂ ನಡೆಯುತ್ತದೆ. ಎಡ-ಬಲದ ವ್ಯತ್ಯಾಸದಲ್ಲಿ ಅರ್ಧದಷ್ಟು ಮಾತ್ರ ನೈಲಾನ್ ಸುತ್ತಿಗೆಯಿಂದ ತಟ್ಟಿ ಸರಿಸಿ. ಬೋಲ್ಟ್‌ಗಳನ್ನು ಎದುರು-ಬದುರಾಗಿ ಬಿಗಿದು ಮತ್ತೆ ಅಳೆಯಲೇಬೇಕು, ಬಿಗಿಯುವಾಗಲೇ ಹೆಡ್ ಜರುಗುವುದು. 200 ಮಿ.ಮೀ. ವ್ಯಾಸದ ಸುತ್ತಿನಲ್ಲಿ 0.02 ಮಿ.ಮೀ. ಒಳಗೆ ಬಂದರೆ ಸಾಕು.

ಹಿಂದೆ-ಮುಂದಿನ ವಾಲು ಸ್ವಿವೆಲ್‌ನಿಂದ (ಹೆಡ್ಡನ್ನು ಎಡ-ಬಲಕ್ಕೆ ತಿರುಗಿಸುವುದರಿಂದ) ಹೋಗದು. ಮುಖ ಶುದ್ಧವಾಗಿದ್ದೂ ಆ ವಾಲು ಉಳಿದರೆ ಮಾತ್ರ ಹೆಡ್ಡಿನ ಬೆನ್ನಿಗೆ ಹಿತ್ತಾಳೆ ಶಿಮ್ (ತೆಳು ತಗಡು).